ಹನ್ನೊಂದು ಗುಬ್ಬಿಕಾಲು

ಹೋದ ವಾರ ಮುಧೋಳದ ನನ್ನ ಅಂಗಡಿಗೆ ಒಬ್ಬ ಹೆಣ್ಣುಮಗಳು ಸೀರೆ ತಂದಳು. ನನ್ನದು ಸೀರೆಗೆ ಫಾಲ್ ಹಚ್ಚುವ, ಪೀಕೊ ಮಾಡುವ ಸಣ್ಣ ಅಂಗಡಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ಸೀರೆ ಹೊಸದು, ಮಡಿಕೆಯನ್ನೇ ಬಿಚ್ಚಿರಲಿಲ್ಲ. ಬಿಚ್ಚಿದ ಕೂಡಲೇ ಗಂಜಿಯ ವಾಸನೆ ಬಂತು, ಅದರ ಹಿಂದೆಯೇ ಮಗ್ಗದ ಎಣ್ಣೆಯ ವಾಸನೆ. ಇದು ಬನಹಟ್ಟಿಯದೇ ಎಂದು ಮೂಗು ಹೇಳಿಬಿಟ್ಟಿತು. ಆ ವಾಸನೆಯಲ್ಲೇ ಹುಟ್ಟಿ ಬೆಳೆದವಳು ನಾನು.

“ಇಲ್ಲಿ ನೋಡ್ರಿ ಅಕ್ಕಾರ, ಅಂಚಿಗೆ ನೀಲಿ ಕಲಿ ಹತ್ತೇತಿ. ತೊಳದ್ರ ಹೋಗತೈತೇನ್ರಿ?” ಎಂದಳು.

ಕನ್ನಡಕ ಏರಿಸಿ ನೋಡಿದೆ. ಅದು ಕಲೆಯಲ್ಲ, ನೀಲಿ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಬರೆದ ಗುರುತು. ಒಂದು ಗೆರೆ, ಅದರ ತುದಿಗೆ ಮೂರು ಬೆರಳು. ಗುಬ್ಬಿಯ ಕಾಲಿನ ಹಾಗೆ. ಪಕ್ಕದಲ್ಲಿ ತಾರೀಖು, ಕೆಳಗೆ ಎರಡು ಶಬ್ದ. ಆ ಎರಡು ಶಬ್ದ ಯಾವುವೆಂದು ಈಗಲೇ ಹೇಳುವುದಿಲ್ಲ, ಅದಕ್ಕೊಂದು ಮಳೆಗಾಲದ ಕತೆಯಿದೆ. “ಸಂಜೀಕ ಬರ್ರಿ, ಹಚ್ಚಿ ಇಟ್ಟಿರತೇನಿ” ಎಂದು ಆಕೆಯನ್ನು ಕಳಿಸಿ, ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು ಸುಮ್ಮನೆ ಕೂತುಬಿಟ್ಟೆ. ಆ ಗುಬ್ಬಿಕಾಲು ನನ್ನ ತಮ್ಮ ಮಲ್ಲೇಶನದು.

ಮೂರು ವರ್ಷದ ಹಿಂದಿನ ಮಾತು. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳೆಂದು ಶ್ರಾವಣದಲ್ಲಿ ತವರಿಗೆ ಹೋದವಳು ದೀಪಾವಳಿಯವರೆಗೂ ಅಲ್ಲೇ ಉಳಿದೆ. ಮನೆಯಲ್ಲಿ ಇದ್ದವರು ಅವ್ವ ಮತ್ತು ಮಲ್ಲೇಶ, ಇಬ್ಬರೇ. ಆ ವರ್ಷ ನಮ್ಮೂರಿಗೆ ಮಳೆ ಬಂದದ್ದು ಅಷ್ಟರಲ್ಲೇ ಇತ್ತು. ದಿನಾ ಮೋಡ ಕವಿಯುವುದು, ನಾಲ್ಕು ಹನಿ ಉದುರಿಸಿ ಹೋಗುವುದು. ಆದರೆ ಕೃಷ್ಣೆಗೆ ನಮ್ಮ ಮಳೆಯ ಹಂಗಿಲ್ಲ. ಮೇಲೆ ಎಲ್ಲೋ ಘಟ್ಟದಲ್ಲಿ ಸುರಿದದ್ದು ಇಲ್ಲಿ ಬಂದು ಉಕ್ಕುತ್ತದೆ. ಹೊಳೆದಂಡೆಯ ಗಲಗಲಿಯ ಕಡೆಯವರು ದನ ಹೊಡೆದುಕೊಂಡು ಎತ್ತರಕ್ಕೆ ಬಂದರು, ಸೇತುವೆಗಳ ಮೇಲೆ ನೀರು ನಿಂತಿತು, ಮಹಾರಾಷ್ಟ್ರದ ಸೀರೆ ವ್ಯಾಪಾರಿಗಳು ಬರುವುದು ನಿಂತಿತು. ನೀರು ಇಳಿದ ಮೇಲೂ ಅವರು ಬರಲಿಲ್ಲ. ಮಗ್ಗಗಳು ಮಾತ್ರ ಹಗಲ ಪಾಳಿಯಲ್ಲಿ ಓಡುತ್ತಿದ್ದವು. ನೇಯ್ದದ್ದೆಲ್ಲ ಸಾವುಕಾರರ ಗೋದಾಮಿನಲ್ಲಿ ತಗಡಿಗೆ ತಾಗುವಷ್ಟು ಪೇರಿಸಿ ಬಿದ್ದಿತ್ತು. ಆ ಬಿದ್ದ ಮಾಲೇ ಮುಂದೆ ನಮ್ಮ ಕೈ ಹಿಡಿಯಿತು.

ಮಲ್ಲೇಶನಿಗೆ ಆಗ ಇಪ್ಪತ್ತಾರು. ಪವರ್‌ಲೂಮ್ ಶೆಡ್ಡಿನಲ್ಲಿ ನಾಲ್ಕು ಮಗ್ಗ ಅವನ ಪಾಲಿಗೆ. ಮಾತು ಕಡಿಮೆ, ಕೈ ಚುರುಕು. ಎಳೆ ಹರಿದರೆ ಮಗ್ಗ ನಿಲ್ಲಿಸಿ, ಹುಡುಕಿ, ಗಂಟು ಹಾಕಿ ಮತ್ತೆ ಓಡಿಸುವಷ್ಟರಲ್ಲಿ ಪಕ್ಕದವನು ಇನ್ನೂ ತುದಿ ಹುಡುಕುತ್ತಿರುತ್ತಾನೆ. ಇಂಥವನ ಹೆಸರಿಗೆ ಠಾಣೆಯಲ್ಲಿ ಒಂದು ರೌಡಿ ಹಾಳೆ ಇತ್ತು. ಯಾವ ಠಾಣೆ ಎಂದು ನಾನು ಬರೆಯುವುದಿಲ್ಲ. ಬರೆದರೆ ನಾಳೆ ನನ್ನ ಹೆಸರಿಗೂ ಒಂದು ಹಾಳೆ ತೆಗೆದಾರು.

ಅವನು ಏನೂ ಮಾಡಿರಲಿಲ್ಲವೇ? ಮಾಡಿದ್ದ. ಹತ್ತೊಂಬತ್ತರ ವಯಸ್ಸಿನಲ್ಲಿ ಇಬ್ಬರು ಗೆಳೆಯರ ಜೊತೆ ಕಬ್ಬಿನ ಗದ್ದೆಯ ಬದುವಿಗೆ ಕೂತು ಗಾಂಜಾ ಸೇದುವಾಗ ಸಿಕ್ಕುಬಿದ್ದಿದ್ದ. ಸೇದಿದ್ದು ಖರೆ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ, ದಂಡ ಕಟ್ಟಿದ, ಮನೆಗೆ ಬಂದ ಮೇಲೆ ನನ್ನ ಕೈಯಿಂದ ಕಪಾಳಕ್ಕೆ ಎರಡು ತಿಂದ. ಅವತ್ತೇ ಬಿಟ್ಟ. ನಮ್ಮ ಪಾಲಿಗೆ ಅದು ಅಲ್ಲಿಗೆ ಮುಗಿದಿತ್ತು.

ಠಾಣೆಯ ಪಾಲಿಗೆ ಅಲ್ಲಿಂದಲೇ ಶುರು. ಚುನಾವಣೆ ಬಂತೆಂದು ಕರೆಸಿ, ಶಾಂತಿ ಕೆಡಿಸುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡರು. ಅದಕ್ಕೊಂದು ನಂಬರು. ಮುಂದಿನ ವರ್ಷ ಗಣಪತಿ ಬಂತೆಂದು ಮತ್ತೊಂದು ಮುಚ್ಚಳಿಕೆ, ಮತ್ತೊಂದು ನಂಬರು. ಅದರ ಮುಂದಿನ ವರ್ಷ ಇನ್ನೊಂದು. ಒಂದು ಕೇಸು ಮರಿ ಹಾಕುತ್ತ ಹೋಯಿತು. ಕಡೆಗೆ ಮರಿಗಳನ್ನೆಲ್ಲ ಎಣಿಸಿ, “ಇವನ ಮೇಲೆ ನಾಲ್ಕು ಪ್ರಕರಣ ಇವೆ, ಇವನು ರೂಢಿಗತ ಅಪರಾಧಿ” ಎಂದು ಬರೆದರು. ಎರಡು ಸಲ ಉಚ್ಚೆ ತೆಗೆದುಕೊಂಡು ಗಾಂಜಾ ಪರೀಕ್ಷೆ ಮಾಡಿದರು. ಎರಡೂ ಸಲ ಏನೂ ಸಿಗಲಿಲ್ಲ. ಸಿಗಲಿಲ್ಲ ಅನ್ನುವುದಕ್ಕೆ ಒಂದು ಚೂರು ಕಾಗದ ಕೊಟ್ಟರೇ? ಇಲ್ಲ. ಸಿಕ್ಕಿದ್ದರೆ ಮಾತ್ರ ಕಾಗದ ಹುಟ್ಟುತ್ತಿತ್ತು. ಇದನ್ನು ಕೇಳಿದಾಗ ನನ್ನ ಮೈಯೆಲ್ಲ ಉರಿಯಿತು, ಈಗ ಬರೆಯುವಾಗಲೂ ಉರಿಯುತ್ತಿದೆ.

ನಾನು ಹೋದ ಹದಿನೈದು ದಿನಕ್ಕೇ ಹವಾಲ್ದಾರ ಒಮ್ಮೆ ಮನೆಯ ಮುಂದೆ ಬೈಕು ನಿಲ್ಲಿಸಿದ. ಕೆಟ್ಟ ಮನುಷ್ಯನೇನಲ್ಲ. ಅವ್ವನ ಕಾಲು ಹೇಗಿದೆ ಎಂದು ವಿಚಾರಿಸಿದ, ಚಹಾ ಕುಡಿದ.

“ಮಲ್ಲೇಶ ಬಂದ್ರ ಠಾಣಿಗೆ ಬಂದು ಹೋಗು ಅಂತ ಹೇಳ್ರಿ ತಂಗಿ. ಲಿಸ್ಟಿನ್ಯಾಗ ಹೆಸರೈತಿ.”

“ಆ ಲಿಸ್ಟಿನ್ಯಾಗಿಂದ ಹೆಸರು ತಗೀಬೇಕಂದ್ರ ಏನ್ಮಾಡಬೇಕ್ರಿ?”

“ಏನಿಲ್ಲ, ಹತ್ತು ವರ್ಷ ಅವನ ಮ್ಯಾಲ ಯಾವ ಕೇಸೂ ಇರಬಾರ್ದು. ಅಷ್ಟ.”

“ಕೇಸ್ ಹಾಕೋರು ಯಾರ್ರಿ?”

“ನಾವ,” ಎಂದ. ಅಂದಮೇಲೆ ಅವನಿಗೇ ಹೇಗೋ ಆಗಿ ಕಪ್ಪು ಕೆಳಗಿಟ್ಟು ಎದ್ದ.

ಒಳಗಿನಿಂದ ಅವ್ವ ಕೂಗಿದಳು: “ಏ ಮಾದೇವಿ, ಅವರ ಜೋಡಿ ಏನ್ ವಾದ ಬೇ ನಿಂದು? ಬಡವರ ಸಿಟ್ಟು ದವಡಿಗೆ ಮೂಲ.” ದವಡೆ ನಮ್ಮದಾದರೂ ಒಮ್ಮೆ ಬಾಯಿ ತೆರೆದು ನೋಡೋಣ ಎಂದು ನನಗೆ ಅವತ್ತೇ ಅನ್ನಿಸಿತ್ತು.

ಗಣಪತಿ ಹಬ್ಬದ ಆಸುಪಾಸಿನಲ್ಲಿ ಮುಧೋಳದಿಂದ ನನ್ನ ನಾದಿನಿ ಮೊಬೈಲಿಗೆ ಒಂದು ವಿಡಿಯೊ ಕಳಿಸಿದಳು. ಕೆಳಗೆ, “ವೈನಿ, ಇವ ನಿಮ್ಮ ತಮ್ಮ ಅಲ್ಲೇನು?” ಎಂದು ಕೇಳಿದ್ದಳು. ಠಾಣೆಯ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದ ಗಂಡಸರು, ಅಂಗಿ ಬಿಚ್ಚಿಸಿದ್ದಾರೆ, ಮೇಲೆ “ರೌಡಿಗಳ ಚಳಿ ಬಿಡಿಸಿದ ಪೊಲೀಸರು” ಎಂಬ ಬರಹ. ಎರಡು ಸೆಕೆಂಡು ನೋಡಿ ಬಂದ್ ಮಾಡಿದೆ. ನಾದಿನಿಗೆ ಉತ್ತರ ಕೊಡಲಿಲ್ಲ. ಅವ್ವನಿಗೆ ಹೇಳಲಿಲ್ಲ, ಮಲ್ಲೇಶನಿಗೂ ಹೇಳಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನಮ್ಮ ಮಾನ ಮೊಬೈಲಿನಲ್ಲಿ ಊರೂರು ತಿರುಗುತ್ತಿತ್ತು, ನಾನೋ ನಾಚಿಕೊಂಡು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಿರುಗುತ್ತಿದ್ದೆ. ಇದು ನಾನು ಮಾಡಿದ ತಪ್ಪು.

ಗಣಪತಿ ಕಳಿಸಿದ ಮರುವಾರ ನೋಟಿಸು ಬಂತು. ಮಲ್ಲೇಶನನ್ನು ಒಂದು ವರ್ಷ ಜಿಲ್ಲೆಯಿಂದ ಗಡಿಪಾರು ಮಾಡಿ ಬೀದರಿಗೆ ಯಾಕೆ ಕಳಿಸಬಾರದು, ಜಮಖಂಡಿಯ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಸಾಹೇಬರ ಮುಂದೆ ಹಾಜರಾಗಿ ಹೇಳಬೇಕು ಎಂದಿತ್ತು. ಕಾರಣ ಓದಿದೆ. “ಸದರಿ ಎದುರುದಾರನು ಗಾಂಜಾ ಸೇವನೆಯ ರೂಢಿಯುಳ್ಳವನಿದ್ದು” ಎಂದು ಶುರುವಾಗಿ, ಭಾದ್ರಪದದ ಒಂದು ಗುರುವಾರದ ತಾರೀಖು ಹಾಕಿ, ಅಂದು ಸಂಜೆ ನಾಲ್ಕು ಗಂಟೆಗೆ ಬಸ್ ನಿಲ್ದಾಣದಲ್ಲಿ ಅಮಲಿನಲ್ಲಿ ಚಾಕು ತೋರಿಸಿ ಜನರನ್ನು ಹೆದರಿಸಿದನೆಂದು ಬರೆದಿದ್ದರು. ಸಾಕ್ಷಿ ಯಾರು? “ಭಯದಿಂದಾಗಿ ಯಾರೂ ಸಾಕ್ಷಿ ಹೇಳಲು ಮುಂದೆ ಬರುತ್ತಿಲ್ಲ.” ಭಲೆ! ಸಾಕ್ಷಿ ಇಲ್ಲದಿರುವುದೇ ಅವನು ಭಯಂಕರ ಅನ್ನುವುದಕ್ಕೆ ಸಾಕ್ಷಿ.

ಮಲ್ಲೇಶ ನೋಟಿಸನ್ನು ಎರಡು ಸಲ ಓದಿದ. ಆಮೇಲೆ ಕೇಳಿದ್ದು ಒಂದೇ ಮಾತು: “ಬೀದರದಾಗ ಮಗ್ಗ ಅದಾವೇನಕ್ಕಾ?”

ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. “ಆ ಗುರುವಾರ ನೀ ಎಲ್ಲಿದ್ದಿಲೇ?” ಎಂದೆ.

“ಶೆಡ್ಡಿನ್ಯಾಗ ಇದ್ದಿರಬೇಕು. ಇನ್ನೆಲ್ಲಿ ಹೋಗಲಿ?”

“ಠಾಣಿಗೇನರ ಹೋಗಿದ್ದೇನು?”

“ಯಾವ ಗುರುವಾರ ಅಂತ ನೆನಪ ಇಟ್ಟುಕೊಳ್ಳಲಿ ಯಕ್ಕಾ? ಕರೀತಾರ, ಹೋಗತೇನಿ, ನಿಲ್ಲತೇನಿ, ಬರತೇನಿ. ಎಲ್ಲಾ ದಿನಾನೂ ಒಂದ ಥರ.”

ವಕೀಲರೊಬ್ಬರ ಹತ್ತಿರ ಹೋದೆವು. ಕೂದಲು ನೆರೆತ ದೊಡ್ಡ ಮನುಷ್ಯರು. ನೋಟಿಸು ನೋಡಿ, “ಇನ್ನು ಮುಂದೆ ಇಂಥಾ ತಪ್ಪು ಮಾಡೂದಿಲ್ಲ, ಕ್ಷಮಾ ಮಾಡ್ರಿ ಅಂತ ಬರೆದುಕೊಟ್ಟುಬಿಡ್ರಿ. ಹೆಚ್ಚಂದ್ರ ಆರು ತಿಂಗಳಿಗೆ ಇಳಿಸತಾರ” ಎಂದರು.

“ಮಾಡಿದ ತಪ್ಪಿಗೆ ದಂಡ ಕಟ್ಟೇವ್ರಿ. ಮಾಡದ ತಪ್ಪಿಗೆ ಕ್ಷಮಾ ಯಾಕ ಕೇಳೂದು?”

“ನಿಮ್ಮ ತಮ್ಮಗ ತ್ರಾಸ ಆಗಬಾರ್ದು ಅಂತ ಹೇಳಿದೆ ತಂಗಿ.”

“ಈಗ ಆಗಾಕತ್ತಿದ್ದು ಏನ್ರಿ ಮತ್ತ?” ಎಂದು ನೋಟಿಸು ಮಡಚಿಕೊಂಡು ಎದ್ದು ಬಂದೆ. ಬಸ್ಸಿನಲ್ಲಿ ಕೂತು ನೋಟಿಸನ್ನು ಮತ್ತೆ ಬಿಚ್ಚಿ ಓದಿದೆ. ವಕೀಲರಿಲ್ಲದೆ ಸಾಹೇಬರ ಮುಂದೆ ಏನು ಹೇಳಬೇಕೆಂದು ನನಗೇನು ಗೊತ್ತಿತ್ತು?

ಆದರೆ ನೇಕಾರರ ಮನೆಯ ಹೆಣ್ಣು ನಾನು. ನನಗೆ ಗೊತ್ತಿದ್ದದ್ದು ಸೀರೆ. ನಮ್ಮಲ್ಲೊಂದು ಪದ್ಧತಿ ಇದೆ. ಪಾಳಿ ಮುಗಿಸಿ ಮಗ್ಗ ಬಿಡುವವನು ತಾನು ನೇಯ್ದದ್ದು ಎಲ್ಲಿಗೆ ನಿಂತಿತು ಎಂದು ಬಟ್ಟೆಯ ಅಂಚಿನಲ್ಲಿ ಖಡುವಿನಿಂದ ಗುರುತು ಮಾಡುತ್ತಾನೆ. ಮೊದಲ ಮಗ್ಗಕ್ಕೆ ತನ್ನ ಚಿಹ್ನೆ ಮತ್ತು ತಾರೀಖು, ಉಳಿದ ಮಗ್ಗಗಳಿಗೆ ಬರೀ ಒಂದು ಗೆರೆ. ಒಬ್ಬೊಬ್ಬನದು ಒಂದೊಂದು ಚಿಹ್ನೆ: ಒಬ್ಬನದು ಚಕ್ರ, ಒಬ್ಬನದು ಬಾಣ, ಮಲ್ಲೇಶನದು ಗುಬ್ಬಿಕಾಲು. ಸೀರೆ ಮಾರಿ ಹೋದ ಮೇಲೆ ಆ ಗುರುತಿನ ಮೇಲೆ ಫಾಲ್ ಬೀಳುತ್ತದೆ, ಇಲ್ಲವೇ ಮೊದಲ ತೊಳೆತಕ್ಕೆ ಹೋಗುತ್ತದೆ. ಉಟ್ಟವರಿಗೆ ಗೊತ್ತೂ ಆಗುವುದಿಲ್ಲ. ಆ ವರ್ಷ ಮಾತ್ರ ಮಾಲು ಮಾರಿಯೇ ಇರಲಿಲ್ಲ. ಆ ಗುರುವಾರದ ಸೀರೆ ಗೋದಾಮಿನಲ್ಲೇ ಇರಬೇಕು!

ಸಾವುಕಾರರನ್ನು ಕೇಳಿದೆ. “ಹುಡಿಕ್ಕೋ, ಆದ್ರ ಮಡಿಕಿ ಕೆಡಿಸೀಯ ನೋಡು” ಎಂದರು. ಎರಡು ದಿನ ಆ ತಗಡಿನ ಕೆಳಗೆ ಬೆವರು ಸುರಿಸುತ್ತ ಗಂಟು ಬಿಚ್ಚಿ ಗಂಟು ಕಟ್ಟಿದೆ. ಎರಡನೆಯ ದಿನ ಮಧ್ಯಾಹ್ನ ಸಿಕ್ಕಿತು. ಗಿಳಿಹಸಿರು ಸೀರೆ, ಅಂಚಿನಲ್ಲಿ ನೀಲಿ ಗುಬ್ಬಿಕಾಲು, ಪಕ್ಕದಲ್ಲಿ ಅದೇ ಗುರುವಾರದ ತಾರೀಖು. ಪಾಳಿ ಮುಗಿಯುವ ಏಳು ಗಂಟೆಯವರೆಗೂ ಮಗ್ಗದ ಮುಂದೆ ಇದ್ದವನು ನಡುವೆ ನಾಲ್ಕು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ಚಾಕು ಹೇಗೆ ತೋರಿಸುತ್ತಾನೆ? ಸೀರೆಯನ್ನು ಎದೆಗೆ ಒತ್ತಿಕೊಂಡು ಮನೆಗೆ ಓಡಿದೆ. “ಯವ್ವಾ, ಗೆದ್ದಿವಿ ಬೇ!” ಎಂದು ಅಂಗಳದಿಂದಲೇ ಕೂಗಿದೆ.

ಅಷ್ಟೊತ್ತಿಗೆ ಅವ್ವನನ್ನು ಮಾತಾಡಿಸಲು ರಾಜೇಸಾಬ ಕಾಕಾ ಬಂದು ಕೂತಿದ್ದರು. ಶೆಡ್ಡಿನಲ್ಲಿ ಮಲ್ಲೇಶನ ಪಕ್ಕದ ನಾಲ್ಕು ಮಗ್ಗ ಅವರದು. ನಮ್ಮ ಅಪ್ಪನ ಕಾಲದ ನೇಕಾರರು, ಮಲ್ಲೇಶನಿಗೆ ಕೈ ಹಿಡಿದು ಕೆಲಸ ಕಲಿಸಿದವರು. ಸೀರೆ ತೋರಿಸಿದೆ. ಅವರು ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಬಾಡಿತು.

“ಯವ್ವಾ ಮಾದೇವಿ, ಇದು ಮಲ್ಯಾನ ಕೈ ಅಲ್ಲ. ನನ್ನ ಕೈ.”

ನನಗೆ ಅರ್ಥವಾಗಲಿಲ್ಲ. ಕಾಕಾ ಬಿಡಿಸಿ ಹೇಳಿದರು. ಠಾಣೆಯವರು ಪಾಳಿಯ ನಡುವೆ ಬಂದು ಮಲ್ಲೇಶನನ್ನು ಕರೆದೊಯ್ದಾಗಲೆಲ್ಲ ಅವನ ನಾಲ್ಕು ಮಗ್ಗವನ್ನೂ ಕಾಕಾ ತಾವೇ ಓಡಿಸುತ್ತಿದ್ದರು. ಅರವತ್ತರ ಹತ್ತಿರದ ಜೀವ, ಎಂಟು ಮಗ್ಗದ ನಡುವೆ ಓಡಾಟ. ಸಂಜೆ ಅವನ ಗುಬ್ಬಿಕಾಲನ್ನೂ ತಾವೇ ಬರೆಯುತ್ತಿದ್ದರು. “ಹುಡುಗನ ಹೆಸರು ಮೊದಲ ಕೆಟ್ಟೈತಿ. ಅದರ ಮ್ಯಾಲ ಪಾಳಿ ಬಿಟ್ಟು ಹೋಗತಾನ ಅಂತ ಸಾವ್ಕಾರ ಕೆಲಸದಿಂದ ಬಿಡಿಸಿದ್ರ? ಅದಕ್ಕ ಹಾಕಿದೆ. ನಾಕೆಂಟು ಸಲ ಹಾಕೀನಿ.”

“ನಿಮ್ಮ ಕೈ ಅಂತ ಹೆಂಗ ಗೊತ್ತಾತು ಕಾಕಾ?”

“ನಾ ಎಡಗೈಯವ ಅಲ್ಲೇನವಾ. ಅವನ ಗುಬ್ಬಿ ಬಲಕ್ಕ ವಾಲತೈತಿ, ನಂದು ಎಡಕ್ಕ.”

ಹೌದು, ಎಡಕ್ಕೆ ವಾಲಿತ್ತು. ನನಗೆ ಕಾಕಾನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಳ್ಳೆಯದು ಮಾಡಲು ಹೋಗಿ ಇದ್ದ ಒಂದು ಸಾಕ್ಷಿಯನ್ನೂ ಸುಳ್ಳು ಮಾಡಿಬಿಟ್ಟರಲ್ಲ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೀರೆಯನ್ನು ಅಲ್ಲೇ ಒಗೆದು ಗೋಡೆಗೆ ಮುಖ ಮಾಡಿ ಕೂತೆ.

ಕಡೆಗೆ ಹಾಸಿಗೆಯಿಂದ ಅವ್ವನೇ ಕೇಳಿದಳು: “ಹಂಗಾದ್ರ ಆ ಗುರುವಾರ ಹುಡುಗ ಇದ್ದದ್ದರ ಎಲ್ಲಿ?”

“ಠಾಣ್ಯಾಗ,” ಎಂದರು ಕಾಕಾ. “ಎರಡಕ್ಕ ಬಂದು ಒಯ್ದರು, ಗಣಪತಿ ಹಬ್ಬದ ಪರೇಡ್ ಅಂತ. ಪಾಳಿ ಮುಗದ ಮ್ಯಾಲ ಬಂದ.”

ನಾನು ಗಕ್ಕನೆ ತಿರುಗಿದೆ. ಪರೇಡ್! ಮೊಬೈಲು ತೆಗೆದೆ, ನಾದಿನಿ ಕಳಿಸಿದ ವಿಡಿಯೊ ಹುಡುಕಿದೆ. ಬಂದದ್ದು ಅದೇ ಗುರುವಾರ. ಎರಡು ಸೆಕೆಂಡು ನೋಡಿ ಮುಚ್ಚಿಟ್ಟದ್ದನ್ನು ಅವತ್ತು ಕಡೆಯವರೆಗೂ ನೋಡಿದೆ. ಅಂಗಿ ಬಿಚ್ಚಿ ನಿಂತ ನನ್ನ ತಮ್ಮ. ಅವನ ಕೂದಲು ಹಿಡಿದು ಮುಖವನ್ನು ಕ್ಯಾಮೆರಾದ ಕಡೆ ಎತ್ತುವ ಕೈ. “ಏನ್ ಕೆಲಸಲೇ ನಿಂದು?” ಎಂಬ ಪ್ರಶ್ನೆ. “ಮಗ್ಗ ನೇಯತೇನ್ರಿ” ಎಂಬ ಅವನ ದನಿ, ಸುತ್ತ ನಗು. ಅವನ ತಲೆಯ ಮೇಲೆ, ಪಡಸಾಲೆಯ ಗೋಡೆಯಲ್ಲಿ, ದುಂಡನೆಯ ಗಡಿಯಾರ. ನಾಲ್ಕಕ್ಕೆ ಐದು ನಿಮಿಷ ಬಾಕಿ.

ನೋಡಿ ಮುಗಿಸುವಷ್ಟರಲ್ಲಿ ಅವ್ವ, ಕಾಕಾ, ನಾನು ಮೂವರೂ ಅಳುತ್ತಿದ್ದೆವು. ನಾನು ನಾಚಿಕೆಪಟ್ಟು ಮುಚ್ಚಿಡದೆ ಮೊದಲೇ ಇದನ್ನು ನೋಡಿದ್ದರೆ? ನಾಚಿಕೆಪಡಬೇಕಾದವರು ಅದನ್ನು ಹೆಮ್ಮೆಯಿಂದ ಊರಿಗೆಲ್ಲ ಹಂಚಿದ್ದರು. ನಾವು ಯಾಕೆ ನಾಚಿಕೊಂಡೆವು?

ಮರುದಿನ ಕಾಕಾ ನನ್ನ ಜೊತೆ ಗೋದಾಮಿಗೆ ಬಂದರು. ಬರುವ ಮೊದಲು ಸಾವುಕಾರರ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದರು. “ಇಷ್ಟ ದಿನಾ ನನ್ನ ಕಣ್ಣಿಗೆ ಮಣ್ಣು ಹಾಕೀರೇನು?” ಎಂದು ಸಾವುಕಾರರು ಹಾರಾಡಿದರು.

“ಬಟ್ಟಿ ಕಡಿಮಿ ಆಗೇತೇನ್ರಿ ಸಾವ್ಕಾರ್ರ? ಎಂಟು ಮಗ್ಗ ಒಬ್ಬನ ಓಡಿಸೀನಿ. ಬಿಡಸೂದಿದ್ರ ಬಿಡಸ್ರಿ. ಆದ್ರ ಸೀರಿ ಮಾತ್ರ ಒಂದ ದಿನದ ಮಟ್ಟಿಗೆ ಕೊಡ್ರಿ.” ಸಾವುಕಾರರು ಬೈದುಕೊಳ್ಳುತ್ತಲೇ ಬೀಗದ ಕೈ ಒಗೆದರು. ನಾಕೆಂಟು ಎಂದಿದ್ದರು ಕಾಕಾ. ಎಡಕ್ಕೆ ವಾಲಿದ ಗುಬ್ಬಿಕಾಲು ಹುಡುಕುತ್ತ ಹೋದರೆ ಅವು ಹನ್ನೊಂದು ಸಿಕ್ಕವು. ಎರಡೂವರೆ ತಿಂಗಳಲ್ಲಿ ಹನ್ನೊಂದು ಸಲ.

ಜಮಖಂಡಿಯ ಕಚೇರಿಗೆ ನಾವು ಹೋದದ್ದು ಮಹಾನವಮಿಗೆ ಮೊದಲು. ಮೋಡ ಹರಿದು ಬಿಸಿಲು ಚುರುಗುಟ್ಟುತ್ತಿತ್ತು. ನಾನು, ಮಲ್ಲೇಶ, ಕಾಕಾ, ಮತ್ತು ಹನ್ನೊಂದು ಸೀರೆಯ ಒಂದು ಗಂಟು. ಗಂಟು ನೋಡಿ ಸಾಹೇಬರು ಕನ್ನಡಕದ ಮೇಲಿಂದ, “ಏನಮ್ಮಾ, ಸೀರೆ ವ್ಯಾಪಾರಕ್ಕೆ ಬಂದಿದೀರಾ?” ಎಂದರು. ಮೈಸೂರು ಕಡೆಯ ಮಾತು. ಅಲ್ಲಿದ್ದವರೆಲ್ಲ ನಕ್ಕರು.

“ಇಲ್ರಿ ಸಾಹೇಬ್ರ. ಭಯಕ್ಕ ಯಾರೂ ಸಾಕ್ಷಿ ಹೇಳಾಕ ಬರವಲ್ಲರು ಅಂತ ನೋಟಿಸಿನ್ಯಾಗ ಬರದಾರಲ್ರಿ? ಭಯ ಪಡದ ಸಾಕ್ಷಿ ತಂದೀನಿ.”

ನಗು ನಿಂತಿತು. ಠಾಣೆಯ ಪರವಾಗಿ ಬಂದ ಪಿ.ಎಸ್.ಐ. ತಮ್ಮ ಕಡತ ಓದಿದರು: ನಾಲ್ಕು ಪ್ರಕರಣ, ರೂಢಿಗತ, ಗಾಂಜಾ, ಸಾರ್ವಜನಿಕರಲ್ಲಿ ಭೀತಿ. ನಾನು ಹನ್ನೊಂದು ಅಂಚುಗಳನ್ನು ಮೇಜಿನ ಮೇಲೆ ಸಾಲಾಗಿ ಹರವಿದೆ, ಗುರುತಿನ ಪದ್ಧತಿ ಹೇಳಿದೆ. ಪಿ.ಎಸ್.ಐ. ಬಗ್ಗಿ ನೋಡಿದವರೇ, “ಸರ್, ಇದೆಲ್ಲ ಖೊಟ್ಟಿ. ಖಡು ಯಾರು ಬೇಕಾದರೂ ಹಚ್ಚಬಹುದು. ಇವರಲ್ಲಿ ಒಬ್ಬರ ಗುರುತು ಇನ್ನೊಬ್ಬರು ಹಾಕ್ತಾರೆ” ಎಂದರು.

ಕಾಕಾ ಮುಂದೆ ಬಂದರು. ಟೊಪ್ಪಿಗೆ ಸರಿ ಮಾಡಿಕೊಂಡು ಕೈ ಮುಗಿದರು.

“ಹೌದ್ರಿ ಸಾಹೇಬ್ರ, ಖೊಟ್ಟಿನ ಐತ್ರಿ. ಇವು ಹನ್ನೊಂದೂ ನಾನ ಹಾಕೀನಿ. ಹನ್ನೊಂದು ದಿನಾ ಈ ಹುಡುಗ ಮಗ್ಗದ ಮ್ಯಾಲ ಇರಲಿಲ್ರಿ. ಎಲ್ಲಿದ್ದ ಅನ್ನೂದು ನನ್ನ ಕೇಳಬ್ಯಾಡ್ರಿ, ಇವರನ್ನ ಕೇಳ್ರಿ. ಹನ್ನೊಂದು ಸಲ ಇವರ ಕರಸ್ಯಾರ.”

ಸಾಹೇಬರು ಪಿ.ಎಸ್.ಐ. ಕಡೆ ತಿರುಗಿದರು. “ಈ ತಾರೀಖುಗಳಲ್ಲಿ ಕರೆಸಿದ್ದು ಠಾಣೆಯ ದಾಖಲೆಯಲ್ಲಿ ಇದೆಯಾ?”

“ಅದು… ಬಾಯಿ ಮಾತಿನಲ್ಲಿ ಕರೆಸಿದ್ದು ಸರ್.”

“ಅಂದರೆ ಬರೆದಿಲ್ಲ.”

“ಇಲ್ಲ ಸರ್.”

“ಇವರು ಬರೆದಿಟ್ಟಿದ್ದಾರೆ ನೋಡಿ,” ಎಂದು ಸಾಹೇಬರು ಗಿಳಿಹಸಿರು ಸೀರೆಯ ಅಂಚನ್ನು ಬೆರಳಿನಿಂದ ತಟ್ಟಿದರು. ನಾನು ತಡಮಾಡಲಿಲ್ಲ, ಮೊಬೈಲು ಮುಂದಿಟ್ಟೆ. ಆ ಕೋಣೆಯಲ್ಲಿ ಆ ವಿಡಿಯೊ ಓಡುವಾಗ ಮಲ್ಲೇಶ ನೆಲ ನೋಡುತ್ತ ನಿಂತಿದ್ದ. “ತಲಿ ಎತ್ತಲೇ,” ಎಂದೆ, ಎಲ್ಲರಿಗೂ ಕೇಳುವ ಹಾಗೆ. ಎತ್ತಿದ.

ಸಾಹೇಬರು ಕಡೆಯವರೆಗೂ ನೋಡಿ, ಒಮ್ಮೆ ಹಿಂದೆ ತಂದು, ನಿಲ್ಲಿಸಿ, ಮೊಬೈಲನ್ನು ಪಿ.ಎಸ್.ಐ. ಕಡೆ ತಿರುಗಿಸಿದರು. “ಇದು ನಿಮ್ಮ ಠಾಣೆಯ ಪಡಸಾಲೆನೇ ಅಲ್ವಾ?”

“ಹೌದು ಸರ್.”

“ಈ ಗಡಿಯಾರ ಸರಿಯಾಗಿ ನಡೆಯುತ್ತಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಅವರ ಕೈ ತಾನಾಗಿಯೇ ತಮ್ಮ ಕೈಗಡಿಯಾರದ ಮೇಲೆ ಹೋಯಿತು. “ನಡೆಯುತ್ತೆ ಸರ್,” ಎಂದರು ಮೆಲ್ಲಗೆ.

ಹದಿನೈದು ದಿನಕ್ಕೆ ಆದೇಶ ಬಂತು. ಗಡಿಪಾರು ಪ್ರಸ್ತಾವ ಕೈಬಿಡಲಾಗಿದೆ ಎಂದು ಒಂದು ಸಾಲು. ಅವ್ವ ಕೋಲು ಹಿಡಿದು ಹೊಸ್ತಿಲ ತನಕ ನಡೆದು ಬಂದು ಓಣಿಯವರಿಗೆಲ್ಲ ಸಕ್ಕರೆ ಹಂಚಿದಳು. ಹಾಗಾದರೆ ಆ ರೌಡಿ ಹಾಳೆ? ಅದನ್ನೂ ಮುಚ್ಚಿರಿ ಎಂದು ಕೇಳಲು ಹೋದೆ. “ಅದು ಬ್ಯಾರೆ ವಿಷಯ ತಂಗಿ, ಅದು ಈ ಆದೇಶದಾಗ ಬರೂದಿಲ್ಲ” ಎಂದ ಅದೇ ಹವಾಲ್ದಾರ. ಇವತ್ತಿಗೂ ಅದು ತೆರೆದೇ ಇದೆ. ಗೆದ್ದೆವೆಂದು ನಾನು ಸುಳ್ಳು ಹೇಳುವುದಿಲ್ಲ. ಮನೆಯ ಮಗ ಮನೆಯಲ್ಲಿ ಉಳಿದ, ಅಷ್ಟೇ. ಆದರೆ ಅವ್ವ ನನಗೆ ಮತ್ತೆ ದವಡೆಯ ಮಾತು ಹೇಳಲಿಲ್ಲ.

ದೀಪಾವಳಿಗೆ ಎರಡು ದಿನ ಮೊದಲು ನಾನು ಶೆಡ್ಡಿಗೆ ಬುತ್ತಿ ಒಯ್ದಿದ್ದೆ. ಮರುದಿನ ಮುಧೋಳಕ್ಕೆ ಹೊರಡುವವಳಿದ್ದೆ. ಮಗ್ಗಗಳ ಸದ್ದಿನಲ್ಲಿ ಬೈಕು ಬಂದದ್ದು ಕೇಳಲಿಲ್ಲ. ಬಾಗಿಲಲ್ಲಿ ಹವಾಲ್ದಾರ ನಿಂತಿದ್ದ. ಹಬ್ಬ ಬಂತಲ್ಲ, ಠಾಣೆಗೆ ಬಂದು ಹೋಗಬೇಕು ಎಂದು ಕೈಸನ್ನೆ ಮಾಡಿದ.

ಮಲ್ಲೇಶ ಮಗ್ಗಗಳ ಕಡೆ ತಿರುಗಿದ. ಮೊದಲ ಮಗ್ಗ ನಿಲ್ಲಿಸಿದ. ಎರಡನೆಯದು, ಮೂರನೆಯದು, ನಾಲ್ಕನೆಯದು. ಕಾಕಾ ಎಂದಿನಂತೆ ಈ ಕಡೆ ಓಡಿ ಬರಲಿಲ್ಲ, ತಮ್ಮ ಮಗ್ಗದ ಮುಂದೆಯೇ ನಿಂತಿದ್ದರು. ಮಲ್ಲೇಶ ಕಿಸೆಯಿಂದ ಖಡು ತೆಗೆದು ಅಂಚಿನಲ್ಲಿ ಗುಬ್ಬಿಕಾಲು ಬರೆದ, ತಾರೀಖು ಬರೆದ, ಅದರ ಕೆಳಗೆ ಎರಡು ಶಬ್ದ ಬರೆದ: “ಠಾಣೆಗೆ ಕರದಾರ.”

“ಏ, ಏನಲೇ ಅದು?” ಎಂದ ಹವಾಲ್ದಾರ.

“ನೀವು ಬರಿಯಂಗಿಲ್ಲಲ್ರಿ. ನಾ ಬರದೆ,” ಎಂದು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಮಲ್ಲೇಶ ಮುಂದೆ ನಡೆದ. ಠಾಣೆಯವರಿಗೆ ಅವನು ಎದುರು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಸಾವುಕಾರರು ಕೂಗಾಡಿದ್ದು ಅವನ ಮೇಲಲ್ಲ. ನಾಲ್ಕು ಮಗ್ಗ ನಿಂತದ್ದು ನೋಡಿ ಅವರೇ ಠಾಣೆಗೆ ಫೋನು ಹಚ್ಚಿದರು: “ಅಲ್ರೀ, ನನ್ನ ಮಾಲಿನ ಮ್ಯಾಲ ನಿಮ್ಮ ಹೆಸರು ಬೀಳಾಕತ್ತೈತಿ. ಬಂದ ಗಿರಾಕಿಗೆ ನಾ ಏನ್ ಹೇಳ್ಲಿ? ಲಗೂನ ಕಳಸ್ರಿ ಆ ಹುಡುಗನ್ನ.” ಅವತ್ತು ಮಲ್ಲೇಶ ಒಂದು ತಾಸಿನಲ್ಲಿ ವಾಪಸು ಬಂದ. ಅಲ್ಲಿಂದೀಚೆಗೆ ಕರೆಯುವುದು ಕಡಿಮೆಯಾಗಿದೆ, ನಿಂತಿಲ್ಲ. ಕರೆದಾಗಲೆಲ್ಲ ಆ ನಾಲ್ಕು ಮಗ್ಗ ನಿಲ್ಲುತ್ತವೆ, ಯಾರೂ ಮುಟ್ಟುವುದಿಲ್ಲ.

ಹೋದ ವಾರ ನನ್ನ ತೊಡೆಯ ಮೇಲಿದ್ದ ಸೀರೆಯಲ್ಲೂ ಅವೇ ಎರಡು ಶಬ್ದ ಇದ್ದವು. ತಾರೀಖು ಹಿಂದಿನ ತಿಂಗಳದ್ದು. ಗುಬ್ಬಿಕಾಲು ಬಲಕ್ಕೆ ವಾಲಿತ್ತು.

ಸಂಜೆ ಆ ಹೆಣ್ಣುಮಗಳು ಬಂದಾಗ ನಾನು ಇನ್ನೂ ಫಾಲ್ ಹಚ್ಚಿರಲಿಲ್ಲ. “ಇದು ಕಲಿ ಅಲ್ರಿ,” ಎಂದು ಇಷ್ಟನ್ನೂ ಅವಳಿಗೆ ಹೇಳಿದೆ. “ತೊಳದ್ರ ಹೋಗತೈತ್ರಿ. ಇಲ್ಲಾಂದ್ರ ಮ್ಯಾಲ ಫಾಲ್ ಬರತೈತಿ, ಕಾಣೂದಿಲ್ಲ. ನೀವು ಚಿಂತಿ ಮಾಡಬ್ಯಾಡ್ರಿ.”

ಅವಳು ಅಂಚನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. “ನಮ್ಮ ಮೈದುನನ್ನೂ ವರ್ಷಾ ವರ್ಷಾ ಗಣಪತಿಗೆ ಕರೀತಾರ್ರಿ,” ಎಂದಳು. ಆಮೇಲೆ ಕೇಳಿದಳು, “ಅಕ್ಕಾರ, ಖಡು ತೊಳದ್ರ ಹೋಗತೈತಿ ಅಂದ್ರಿ. ದಾರ ಹೋಗೂದಿಲ್ಲಲ್ರಿ?”

“ಹೋಗೂದಿಲ್ಲ.”

“ಹಂಗಾದ್ರ ಅದರ ಮ್ಯಾಲ ದಾರ ಹಾಕಿಬಿಡ್ರಿ. ಫಾಲ್ ಬ್ಯಾರೆ ಕಡೆ ಹಚ್ಚಿದ್ರ ನಡೀತೈತಿ.”

ಸೂಜಿಗೆ ನೀಲಿ ದಾರ ಪೋಣಿಸಿದೆ. ಮೊದಲು ಗುಬ್ಬಿಕಾಲು ಹೊಲಿದೆ, ಆಮೇಲೆ ತಾರೀಖು, ಆಮೇಲೆ ಆ ಎರಡು ಶಬ್ದ.